ಓಡದ ಫೋನಿಗೆ ಸ್ಕೀಮ್ ದುಡ್ಡು ಕೊಟ್ಟರೆ ಅದು ಓಡುತ್ತದಾ?

ಕೋಡಿಬಾಗದ ಅಂಗಡಿ:

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ಅಂಗಡಿ. ಈ ತಿಂಗಳು ಪಕ್ಕದ ಕಟ್ಟಡಕ್ಕೆ ಬದಲಾಯಿಸುತ್ತಿದ್ದೇನೆ. ಹಳೆ ಮೇಜಿನ ಡ್ರಾವರ್ ಖಾಲಿ ಮಾಡುವಾಗ ಒಂದು ಫೈಲ್ ಸಿಕ್ಕಿತು. 2012ರಿಂದ 2015ರವರೆಗಿನ ಸ್ಕೀಮ್ ಕಾಗದಗಳು. ಅದರ ಜೊತೆ ಎರಡು ಡಮ್ಮಿ ಪೀಸ್, ಒಂದು ನೀಲಿ, ಒಂದು ಹಳದಿ. ಓದುತ್ತಾ ಕೂತೆ, ಮಧ್ಯಾಹ್ನದ ಊಟ ತಪ್ಪಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಫೋನ್ ಮಾರಿದರೆ ಅಂಗಡಿಗೆ ಉಳಿಯುವ ಮಾರ್ಜಿನ್ ತೀರಾ ಕಡಿಮೆ. ಲಾಭ ಇರುವುದು ಸ್ಕೀಮಿನಲ್ಲಿ, ಅಂದರೆ ಫೋನ್ ಕಂಪನಿ ಅಂಗಡಿಗೆ ಕೊಡುವ ಎಕ್ಸ್‌ಟ್ರಾ ದುಡ್ಡಿನಲ್ಲಿ. ತಿಂಗಳಿಗೆ ಇಷ್ಟು ಪೀಸ್ ಹೋದರೆ ಪೀಸಿಗೆ ಇಷ್ಟು ಎಕ್ಸ್‌ಟ್ರಾ. ಮುಂದಿನ ಸ್ಲ್ಯಾಬ್ ಮುಟ್ಟಿದರೆ ಇನ್ನೂ ಜಾಸ್ತಿ. ಆ ದುಡ್ಡು ನಗದಾಗಿ ಕೈಗೆ ಬರುವುದಿಲ್ಲ, ಕ್ರೆಡಿಟ್ ನೋಟ್ ಆಗಿ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರೆ. ಅದು ಬರುವತನಕ ಹುಬ್ಬಳ್ಳಿಯ ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡುತ್ತಾ ಇರಬೇಕು.

ಫೈಲಿನಲ್ಲಿ ಒಂದು ವಿಷಯ ಎದ್ದು ಕಂಡಿತು. ತಾನಾಗಿ ಓಡುತ್ತಿದ್ದ ಫೋನಿಗೆಲ್ಲ ಸ್ಕೀಮ್ ಸಣ್ಣದು. ಯಾರೂ ಕೇಳದ ಫೋನಿಗೆ ದೊಡ್ಡದು. ಆಗ ಇದು ನನಗೆ ಸಹಜ ಅನ್ನಿಸಿತ್ತು. ಈಗ ಹಾಗೆ ಅನ್ನಿಸುತ್ತಿಲ್ಲ.

ಒಂದು ಕಂಪನಿ, ಹೆಸರು ಬೇಡ. ಆಂಡ್ರಾಯ್ಡ್ ಅಲ್ಲ, ಐಫೋನೂ ಅಲ್ಲ. ಜೂನ್-ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ನಮ್ಮ ಊರಿನಲ್ಲಿ ದುಡ್ಡು ಓಡಾಡುವುದೇ ಇಲ್ಲ. ಬಾಡಿಗೆ ಕಟ್ಟುವುದೂ ಕಷ್ಟ. ಸರಿಯಾಗಿ ಅದೇ ಹೊತ್ತಿಗೆ ಆ ಸ್ಕೀಮ್ ಬಂತು. ಹನ್ನೆರಡು ಪೀಸ್ ಹೋದರೆ ಒಳ್ಳೆಯ ಮೊತ್ತ. ನಾನು ಹನ್ನೆರಡೂ ಮಾರಿದೆ. ಬೇರೆ ಫೋನ್ ಕೇಳಿಕೊಂಡು ಬಂದವರ ಕೈಗೆ ಇದನ್ನು ಇಟ್ಟೆ. ಗಣಪತಿ ಹಬ್ಬದ ಹೊತ್ತಿಗೆ ಐದು ಜನ ತಿರುಗಿ ಬಂದರು. ಫೋನ್ ಕೆಟ್ಟಿರಲಿಲ್ಲ. ಅವರಿಗೆ ಬೇಕಾದ ಆ್ಯಪ್ ಅದರಲ್ಲಿ ಇರಲಿಲ್ಲ. ಅವರಲ್ಲಿ ಒಬ್ಬರು ತಾಂಡೇಲರು, ಬೋಟ್ ನಡೆಸುವವರು. ನನ್ನ ಅಪ್ಪನ ಕಾಲದಿಂದ ಪರಿಚಯ. "ನೀನು ಹೇಳಿದೆ ಅಂತ ತಗೊಂಡೆ ತಮ್ಮಾ" ಅಂದರು ಅಷ್ಟೇ. ಬೈಯಲಿಲ್ಲ. ಆಮೇಲೆ ಅವರ ಮನೆಯವರು ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ನನ್ನ ಪ್ರಶ್ನೆ ಇದು. ಅಂಗಡಿಯವನಿಗೆ, ಸಿಮ್ ಕೊಡುವ ಆಪರೇಟರಿಗೆ ದುಡ್ಡು ಕೊಟ್ಟು ಫೋನ್ ತಳ್ಳಿಸಿದ್ದರಿಂದ ವಿಂಡೋಸ್ ಫೋನ್, ಬ್ಲ್ಯಾಕ್‌ಬೆರಿ ಥರದವು ಸ್ವಲ್ಪ ದಿನ ಜಾಸ್ತಿ ಬದುಕಿದವಾ, ಅಥವಾ ಬೇಗ ಸತ್ತವಾ? ಈ ವ್ಯವಹಾರದಲ್ಲಿ ಇದ್ದವರು, ಫೋನ್ ಕೊಂಡವರು ದಯವಿಟ್ಟು ಹೇಳಿ.

ಕುಮಟೆಯವ, ಈಗ ಟೆಕ್ಸಾಸ್:

ಅಣ್ಣಾ, ನಿಮ್ಮ ತಾಂಡೇಲರ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಂದು ಫೋನ್ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿನ ಲೆಕ್ಕ ನಮ್ಮ ಊರಿನದಕ್ಕಿಂತ ಬೇರೆ.

ಇಲ್ಲಿ ಆಗ ಫೋನ್ ಮಾರುತ್ತಿದ್ದದ್ದೇ ಆಪರೇಟರುಗಳು. ಎರಡು ವರ್ಷದ ಕರಾರಿಗೆ ಸಹಿ ಹಾಕಿದರೆ ಫೋನಿನ ಬೆಲೆಯ ದೊಡ್ಡ ಪಾಲನ್ನು ಆಪರೇಟರ್ ಹೊತ್ತುಕೊಳ್ಳುತ್ತಿತ್ತು. ಆಮೇಲೆ ಬಿಲ್ಲಿನಲ್ಲಿ ವಸೂಲಿ. ಹಾಗಾಗಿ ಯಾವ ಫೋನನ್ನು ಮುಂದಿನ ಸಾಲಿನಲ್ಲಿ ಇಡಬೇಕು ಅಂತ ಆಪರೇಟರ್ ನಿರ್ಧರಿಸಿದರೆ ಅರ್ಧ ಯುದ್ಧ ಮುಗಿದ ಹಾಗೆ.

ವಿಂಡೋಸ್ ಫೋನ್ ಮಾಡಲು ನೋಕಿಯಾ ಮತ್ತು ಮೈಕ್ರೋಸಾಫ್ಟ್ ಕೈ ಜೋಡಿಸಿದ್ದು 2011ರ ಫೆಬ್ರವರಿಯಲ್ಲಿ. ಪ್ಲಾಟ್‌ಫಾರ್ಮ್ ಬೆಂಬಲ ಅಂತ ಮೈಕ್ರೋಸಾಫ್ಟ್ ಮೂರು ತಿಂಗಳಿಗೊಮ್ಮೆ 25 ಕೋಟಿ ಡಾಲರ್ ನೋಕಿಯಾಕ್ಕೆ ಕೊಡುತ್ತಿತ್ತು. ನೋಕಿಯಾದ ವಿಂಡೋಸ್ ಫೋನ್ ಲೂಮಿಯಾ 900 ಬಂದದ್ದು 2012ರ ಏಪ್ರಿಲ್ 8ಕ್ಕೆ, ಎಟಿ ಅಂಡ್ ಟಿ ಅನ್ನುವ ಆಪರೇಟರ್ ಮೂಲಕ. ಕರಾರಿಲ್ಲದೆ ಕೊಂಡರೆ 450 ಡಾಲರ್. ಕರಾರಿನ ಜೊತೆ ಬರೀ 100. ಬಿಡುಗಡೆಯಾದ ದಿನ ಈಸ್ಟರ್ ಭಾನುವಾರ, ಎಷ್ಟೋ ಅಂಗಡಿಗಳ ಬಾಗಿಲೇ ತೆರೆದಿರಲಿಲ್ಲ. ಮೊದಲ ವಾರದಲ್ಲೇ ಇಂಟರ್‌ನೆಟ್ ಸಿಗದ ಒಂದು ದೋಷ ಕಾಣಿಸಿಕೊಂಡಿತು. ನೋಕಿಯಾ ತಡಮಾಡದೆ ಕೊಂಡವರಿಗೆಲ್ಲ ಬಿಲ್ಲಿನಲ್ಲಿ 100 ಡಾಲರ್ ವಾಪಸ್ ಕೊಡುತ್ತೇವೆ ಅಂತ ಹೇಳಿತು. ಅಂದರೆ ಫೋನ್ ಪುಕ್ಕಟೆ ಆಯಿತು.

ಮಾರುವ ಹುಡುಗರಿಗೆ ಪ್ರತಿ ವಿಂಡೋಸ್ ಫೋನಿಗೆ 10ರಿಂದ 15 ಡಾಲರ್ ಕೈಗಾಸು ಕೊಡುವ ಯೋಜನೆ ಇದೆ ಅಂತ ಆ ವರ್ಷದ ಶುರುವಿನಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ನನ್ನ ಅನುಭವ ಏನೆಂದರೆ, ಆ ದುಡ್ಡು ನಮ್ಮ ಬಾಯಿ ತೆರೆಸಿತು, ನಂಬಿಕೆ ತರಲಿಲ್ಲ. ಗಿರಾಕಿಗಳು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಿದ್ದರು: "ನೀನು ಯಾವ ಫೋನ್ ಇಟ್ಟುಕೊಂಡಿದ್ದೀಯ?" ನಮ್ಮ ಅಂಗಡಿಯಲ್ಲಿ ಆರು ಜನ. ಎಲ್ಲರ ಜೇಬಿನಲ್ಲೂ ಐಫೋನ್ ಇಲ್ಲ ಆಂಡ್ರಾಯ್ಡ್. ಜೇಬಿನಿಂದ ಅದನ್ನು ತೆಗೆದ ಕೂಡಲೇ ನಾವು ಅಷ್ಟು ಹೊತ್ತು ಹೇಳಿದ್ದೆಲ್ಲ ನೀರುಪಾಲು.

ಇನ್ನೊಂದು ದೊಡ್ಡ ಪೆಟ್ಟು ಜೂನ್ ತಿಂಗಳಲ್ಲಿ ಬಿತ್ತು. ವಿಂಡೋಸ್ ಫೋನ್ 8 ಬರುತ್ತದೆ, ಆದರೆ ಈಗಿನ ಫೋನುಗಳಿಗೆ ಅದು ಸಿಗುವುದಿಲ್ಲ ಅಂತ ಮೈಕ್ರೋಸಾಫ್ಟ್ ತಿಳಿಸಿತು. ಏಪ್ರಿಲ್‌ನಲ್ಲಿ ಎರಡು ವರ್ಷದ ಕರಾರು ಮಾಡಿದವರ ಫೋನು ಜೂನ್‌ನಲ್ಲಿ ಹಳೆಯದಾಯಿತು! ಜುಲೈನಲ್ಲಿ ಬೆಲೆ 50 ಡಾಲರಿಗೆ ಇಳಿಯಿತು. ಅಷ್ಟೊತ್ತಿಗೆ ಯಾರ ಮುಖ ನೋಡಿ ಮಾರುವುದು?

ಶಿರಸಿ ಭಾವ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2013ರಿಂದ ಒಂದೂವರೆ ವರ್ಷ ಶಿರಸಿಯಲ್ಲಿ ನಾನು ಪ್ರಮೋಟರ್ ಆಗಿದ್ದೆ. ಅಂದರೆ ಸಂಬಳ ಕಂಪನಿಯದು, ನಿಲ್ಲುವುದು ಬೇರೆಯವರ ಅಂಗಡಿಯಲ್ಲಿ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕೂರುವ ಹಾಗಿಲ್ಲ. ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್. ಮುಟ್ಟದಿದ್ದರೆ ಸಂಬಳ ಮಾತ್ರ, ಅದು ಮನೆಗೆ ಸಾಲುತ್ತಿರಲಿಲ್ಲ.

ಸ್ಕೀಮ್ ದುಡ್ಡನ್ನೇ ಪಾಪ ಅನ್ನುವ ಹಾಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಲೂಮಿಯಾ 520 ನೆನಪಿದೆಯಾ? 2013ರ ಏಪ್ರಿಲ್‌ನಲ್ಲಿ ನಮ್ಮಲ್ಲಿಗೆ ಬಂತು, 10,499 ರೂಪಾಯಿ. 512 ಎಂಬಿ ರ‍್ಯಾಮ್. ಅದೇ ರ‍್ಯಾಮಿನ ಆಂಡ್ರಾಯ್ಡ್ ಫೋನ್ ಆಗ ಒಂದು ಮೆಸೇಜ್ ತೆರೆಯಲಿಕ್ಕೂ ಯೋಚನೆ ಮಾಡುತ್ತಿತ್ತು. ಇದು ಬೆಣ್ಣೆಯ ಹಾಗೆ ಓಡುತ್ತಿತ್ತು. ಅದು ನಿಜವಾಗಿಯೂ ಒಳ್ಳೆಯ ಫೋನ್. ನಾನೇ ಒಂದು ಕೊಂಡೆ.

ಅದರ ಮ್ಯಾಪ್ ಬಗ್ಗೆ ಹೇಳಲೇಬೇಕು. ಪೂರ್ತಿ ಕರ್ನಾಟಕದ ಮ್ಯಾಪನ್ನು ಮೊದಲೇ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ದಾರಿ ತೋರಿಸುತ್ತಿತ್ತು. ದೇವಿಮನೆ ಘಟ್ಟ ಇಳಿಯುವಾಗ ಯಾವ ಸಿಗ್ನಲ್ಲೂ ಇಲ್ಲದ ಕಡೆ ನಾನು ಗಿರಾಕಿಗಳನ್ನು ಮನಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದೆ. "ಹೆಗಡೇರೆ, ಕುಮಟಾ ರಸ್ತೆಯಲ್ಲಿ ರಾತ್ರಿ ಗಾಡಿ ನಿಂತಿತು ಅಂತ ಇಟ್ಟುಕೊಳ್ಳಿ" ಅಂತ ಶುರು ಮಾಡಿದರೆ ಅವರಿಗೆ ಅರ್ಥವಾಗುತ್ತಿತ್ತು. ಅಡಿಕೆ ವ್ಯಾಪಾರ ಆಗಿ ಕೈಯಲ್ಲಿ ದುಡ್ಡಿರುವ ಕಾಲ ಬೇರೆ. ಇನ್ಸೆಂಟಿವ್ ನನ್ನನ್ನು ಅಲ್ಲಿ ನಿಲ್ಲಿಸಿತು ನಿಜ. ಆದರೆ ನಾನು ಹೇಳಿದ್ದು ಸುಳ್ಳಲ್ಲ. ವಿಂಡೋಸ್ ಫೋನುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ 520. ಬರೀ ತಳ್ಳಿದರೆ ಅಷ್ಟು ಹೋಗುತ್ತಿರಲಿಲ್ಲ, ಅಲ್ವಾ?

ಅಂಕೋಲೆಯ ಟೀಚರ್:

ಭಾವನವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಕೊಳ್ಳುವವರ ಕಡೆಯಿಂದ ಒಂದು ಮಾತು.

2014ರಲ್ಲಿ ಮೊದಲ ಬಾರಿಗೆ ನನ್ನ ಸಂಬಳದಲ್ಲೇ ಫೋನ್ ಕೊಂಡೆ. ಅಂಗಡಿಯ ಹುಡುಗ ಒಂದು ಫೋನನ್ನು ಬಿಟ್ಟು ಬೇರೆ ಯಾವುದನ್ನೂ ತೋರಿಸಲು ತಯಾರಿರಲಿಲ್ಲ. ಬ್ಯಾಂಕಿನ ಆ್ಯಪ್ ಬರುತ್ತದಾ ಅಂತ ಕೇಳಿದೆ. "ಬರ್ತದೆ ಮೇಡಂ, ಮುಂದಿನ ತಿಂಗಳು" ಅಂದ. ಬರಲೇ ಇಲ್ಲ. ಎರಡು ವರ್ಷ ಅದೇ ಫೋನನ್ನು ಇಟ್ಟುಕೊಂಡೆ, ಯಾಕೆಂದರೆ ಇನ್ನೊಂದು ಕೊಳ್ಳುವ ಶಕ್ತಿ ಇರಲಿಲ್ಲ. ಶಾಲೆಯಲ್ಲಿ ಉಳಿದವರೆಲ್ಲ ಫೋನಿನಲ್ಲಿ ದುಡ್ಡು ಕಳಿಸುವಾಗ ನಾನು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಎಷ್ಟು ಸಿಕ್ಕಿತೋ. ನನಗೆ ನೋವಾದದ್ದು ಬೇರೆ ವಿಷಯಕ್ಕೆ. ಅವನಿಗೆ ಎಕ್ಸ್‌ಟ್ರಾ ಸಿಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಮಾತನ್ನು ಬೇರೆ ರೀತಿ ಕೇಳುತ್ತಿದ್ದೆ. ಕೋಡಿಬಾಗದ ಅಣ್ಣ, ನಿಮ್ಮನ್ನೇ ನೇರವಾಗಿ ಕೇಳುತ್ತೇನೆ. ಆ ಹನ್ನೆರಡು ಜನರಲ್ಲಿ ಒಬ್ಬರಿಗಾದರೂ ಸ್ಕೀಮ್ ಇದೆ ಅಂತ ಹೇಳಿದ್ದಿರಾ?

ಕೋಡಿಬಾಗದ ಅಂಗಡಿ:

ಇಲ್ಲ ಟೀಚರ್. ಒಬ್ಬರಿಗೂ ಹೇಳಲಿಲ್ಲ.

ಭಟ್ಕಳ-ದುಬೈ:

ಬ್ಲ್ಯಾಕ್‌ಬೆರಿ ಬಗ್ಗೆ ಯಾರೂ ಮಾತಾಡಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ದುಬೈನಲ್ಲಿ ಒಂದು ಕಾಲದಲ್ಲಿ ನಮ್ಮ ಭಟ್ಕಳದ ಹುಡುಗರ ಕೈಯಲ್ಲೆಲ್ಲ ಅದೇ. ಊರಿಗೆ ಬರುವಾಗ ತಮ್ಮನಿಗೊಂದು, ಭಾವನಿಗೊಂದು.

ಬ್ಲ್ಯಾಕ್‌ಬೆರಿಗೆ ಆಪರೇಟರುಗಳ ಬೆಂಬಲ ಬೇಡಿ ತರಬೇಕಾಗಿರಲಿಲ್ಲ. ಅವರಿಗೇ ಅದು ಬೇಕಿತ್ತು. ಯಾಕೆಂದರೆ ಆ ಫೋನಿಗೆ ಮಾಮೂಲಿ ನೆಟ್ ಪ್ಯಾಕ್ ಸಾಲುತ್ತಿರಲಿಲ್ಲ, ಪ್ರತ್ಯೇಕ ಬ್ಲ್ಯಾಕ್‌ಬೆರಿ ಪ್ಯಾಕ್ ಹಾಕಿಸಬೇಕಿತ್ತು. ಗಿರಾಕಿ ತಿಂಗಳು ತಿಂಗಳು ಕಟ್ಟುತ್ತಿದ್ದ. ಅದರಲ್ಲಿ ಆಪರೇಟರಿಗೆ ಪಾಲು, ಕಂಪನಿಗೂ ಪಾಲು. ಫೋನ್ ಮಾರಿ ಮುಗಿದ ಮೇಲೂ ದುಡ್ಡು ಬರುತ್ತಲೇ ಇತ್ತು. ಇಂಥ ಫೋನನ್ನು ಯಾವ ಆಪರೇಟರ್ ಬೇಡ ಅಂತಾನೆ?

ವಾಟ್ಸಾಪ್ ಬಂದ ಮೇಲೆ ಆ ಪ್ಯಾಕಿಗೆ ಅರ್ಥ ಉಳಿಯಲಿಲ್ಲ. ಬ್ಲ್ಯಾಕ್‌ಬೆರಿಯ ಸ್ವಂತ ಮೆಸೇಜ್ ಆ್ಯಪ್ ಬಿಬಿಎಂ ಬ್ಲ್ಯಾಕ್‌ಬೆರಿ ಇದ್ದವರಿಗೆ ಮಾತ್ರ ಹೋಗುತ್ತಿತ್ತು, ವಾಟ್ಸಾಪ್ ಎಲ್ಲರಿಗೂ ಹೋಗುತ್ತಿತ್ತು. 2013ರ ಜನವರಿ ಕೊನೆಯಲ್ಲಿ ಬ್ಲ್ಯಾಕ್‌ಬೆರಿ 10 ಅನ್ನುವ ಹೊಸ ಓಎಸ್ (ಫೋನ್ ನಡೆಸುವ ಸಾಫ್ಟ್‌ವೇರ್) ತಂದರು. ಅದಿರುವ ಝಡ್10 ಫೋನ್ ಭಾರತಕ್ಕೆ ಬಂದದ್ದು ಮುಂದಿನ ತಿಂಗಳು, ಬೆಲೆ 43,490 ರೂಪಾಯಿ. ಹೊಸ ಫೋನಿಗೆ ಆ ವಿಶೇಷ ಪ್ಯಾಕ್ ಬೇಕಿರಲಿಲ್ಲ, ಮಾಮೂಲಿ ಡೇಟಾ ಸಾಕಿತ್ತು. ಗಿರಾಕಿಗೆ ಇದು ಒಳ್ಳೆಯದೇ. ಆದರೆ ಆಪರೇಟರಿಗೆ ಇದನ್ನು ಪ್ರೀತಿಸಲು ಇದ್ದ ಕಾರಣವೂ ಅಲ್ಲಿಗೆ ಮುಗಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಮಾರಾಟವಾಗದೆ ಉಳಿದ ಝಡ್10 ಸ್ಟಾಕಿಗೆ ಸುಮಾರು 93 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಅವೆಲ್ಲ ಎಲ್ಲಿದ್ದವು? ಆಪರೇಟರುಗಳ ಗೋದಾಮಿನಲ್ಲಿ, ಅಂಗಡಿಗಳ ಕಪಾಟಿನಲ್ಲಿ. ಕಂಪನಿಯ ಲೆಕ್ಕದಲ್ಲಿ ಕಳಿಸಿದ ಫೋನು, ಜನರ ಕೈಗೆ ಸೇರದ ಫೋನು.

ಈಗಲೂ ಆ ಕೀಬೋರ್ಡ್ ನೆನೆಸಿಕೊಂಡರೆ ಬೆರಳು ಹುಡುಕುತ್ತದೆ.

ಯಲ್ಲಾಪುರ ಕೋಡರ್:

ಭಟ್ಕಳದವರು ಹೇಳಿದ್ದರಲ್ಲೇ ಉತ್ತರ ಇದೆ ಅಂತ ನನಗೆ ಅನ್ನಿಸುತ್ತದೆ. ಆಪರೇಟರಿಗೆ ಆ ಫೋನಿಂದ ಸ್ವಂತ ಲಾಭ ಇದ್ದರೆ ಬೆಂಬಲ ಉಳಿಯುತ್ತದೆ. ಬರೀ ಆಫರ್ ಇದ್ದರೆ ಆಫರ್ ಮುಗಿದ ದಿನ ಬೆಂಬಲವೂ ಮುಗಿಯುತ್ತದೆ.

ನಮ್ಮ ದೇಶದ್ದೇ ನೋಡಿ. 2014ರ ಆಗಸ್ಟ್‌ನಲ್ಲಿ ಮೊಜಿಲ್ಲಾ ಮಾಡಿದ ಫೈರ್‌ಫಾಕ್ಸ್ ಓಎಸ್ ಇರುವ ಫೋನುಗಳು ಬಂದವು. ಇಂಟೆಕ್ಸ್ ಕ್ಲೌಡ್ ಎಫ್‌ಎಕ್ಸ್ 1,999 ರೂಪಾಯಿ. ರ‍್ಯಾಮ್ 128 ಎಂಬಿ, 2ಜಿ ಮಾತ್ರ. ಬೆಲೆ ನೋಡಿ ಕೊಂಡವರು ಬೇಗ ಬಿಟ್ಟರು. 2015ರ ಡಿಸೆಂಬರ್‌ನಲ್ಲಿ ಮೊಜಿಲ್ಲಾ ಫೋನಿನ ಕೆಲಸ ನಿಲ್ಲಿಸುವುದಾಗಿ ಹೇಳಿತು. ಸ್ಯಾಮ್‌ಸಂಗ್ ತನ್ನದೇ ಟೈಜನ್ ಓಎಸ್ ಹಾಕಿ ಝಡ್1 ಅನ್ನು 2015ರ ಜನವರಿಯಲ್ಲಿ ಭಾರತದಲ್ಲಿ ಬಿಟ್ಟಿತು, 5,700 ರೂಪಾಯಿ. ಏರ್‌ಸೆಲ್ ಮತ್ತು ರಿಲಯನ್ಸ್ ಕಮ್ಯುನಿಕೇಶನ್ಸ್ ಸಿಮ್ ಹಾಕಿದರೆ ಆರು ತಿಂಗಳು, ತಿಂಗಳಿಗೆ 500 ಎಂಬಿ ಉಚಿತ. ಏಳನೇ ತಿಂಗಳಿನಿಂದ ಅದು ಮತ್ತೊಂದು ಸಾದಾ ಫೋನು, ಅದೂ ಆ್ಯಪ್ ಕಡಿಮೆ ಇರುವ ಫೋನು. ಆಮೇಲೆ ಮೂರ‍್ನಾಲ್ಕು ವರ್ಷದೊಳಗೆ ಆ ಎರಡು ಆಪರೇಟರುಗಳ ಮೊಬೈಲ್ ಸೇವೆಯೇ ಮುಚ್ಚಿಹೋಯಿತು.

ಈಗ ಜಿಯೋಫೋನ್ ನೋಡಿ. 2017ರ ಜುಲೈನಲ್ಲಿ ಘೋಷಣೆ. 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸ್ ಅಂದರು. ಅದರೊಳಗೆ ಇದ್ದದ್ದು ಕೈಓಎಸ್. ಕೈಓಎಸ್ ಹುಟ್ಟಿದ್ದೇ ಫೈರ್‌ಫಾಕ್ಸ್ ಓಎಸ್‌ನಿಂದ. ಸತ್ತಿತು ಅಂದುಕೊಂಡ ಗಿಡದ ಬೇರು ಇನ್ನೊಬ್ಬರ ತೋಟದಲ್ಲಿ ಚಿಗುರಿತು! ಯಾಕೆ? ಇಲ್ಲಿ ಆಪರೇಟರೇ ಫೋನಿನ ಯಜಮಾನ. ಅವರಿಗೆ 4ಜಿ ಗಿರಾಕಿ ಬೇಕಿತ್ತು. 2ಜಿಯೇ ಇಲ್ಲದ ನೆಟ್‌ವರ್ಕ್, ಹಳೆ ಬಟನ್ ಫೋನ್ ಅದರಲ್ಲಿ ನಡೆಯುವುದೇ ಇಲ್ಲ. ಬಟನ್ ಫೋನಿನವರನ್ನು ತರಬೇಕಾದರೆ 4ಜಿ ಬಟನ್ ಫೋನನ್ನು ಅವರೇ ಮಾಡಬೇಕಿತ್ತು. 2018ರ ಸೆಪ್ಟೆಂಬರ್‌ನಲ್ಲಿ ವಾಟ್ಸಾಪ್ ಕೂಡ ಅದಕ್ಕೆ ಬಂತು. ನಮ್ಮ ಅಜ್ಜಿಗೆ ನಾನು ಕಳಿಸುವ ಮಗುವಿನ ಫೋಟೋ ಆ ಫೋನಿನಲ್ಲೇ ಹೋಗುತ್ತಿತ್ತು.

ಕೋಡರ್ ಆಗಿ ಇನ್ನೊಂದು ಮಾತು. ಮೈಕ್ರೋಸಾಫ್ಟ್ ಆ್ಯಪ್ ಬರೆಯುವವರಿಗೂ ದುಡ್ಡು ಕೊಟ್ಟು ನೋಡಿತು. 2013ರಲ್ಲಿ ಅಮೆರಿಕದಲ್ಲಿ ಒಂದು ಆ್ಯಪಿಗೆ 100 ಡಾಲರ್. ಅಂಥ ದುಡ್ಡಿಗೆ ಟಾರ್ಚ್ ಆ್ಯಪ್ ಬರುತ್ತದೆ, ಬ್ಯಾಂಕಿನ ಆ್ಯಪ್ ಬರುವುದಿಲ್ಲ. ಟೀಚರ್ ಸಾಲಿನಲ್ಲಿ ನಿಂತದ್ದು ಅದಕ್ಕೇ. ಇನ್‌ಸ್ಟಾಗ್ರಾಂ ಬಂದದ್ದೇ 2013ರ ನವೆಂಬರ್‌ಗೆ. ಯೂಟ್ಯೂಬಿನ ಆ್ಯಪನ್ನು ಮೈಕ್ರೋಸಾಫ್ಟ್ ತಾನೇ ಮಾಡಿತು, ಗೂಗಲ್ ಅದನ್ನು ತಡೆಯಿತು.

ಶಿರಸಿ ಭಾವ:

ಕೋಡರ್ ತಮ್ಮಾ, ನೀನು ಹೇಳಿದ್ದು ಸರಿ ಇರಬಹುದು. ಆದರೆ ಅದು ಒಂದು ದಿನದ ಕೆಲಸ ಅಲ್ಲ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುತ್ತೇವೆ. ಆ ಫೋನಿಗೆ ಯಾರೂ ಐದು ವರ್ಷ ಕೊಡಲಿಲ್ಲ. ಅದು ನನಗೆ ಈಗಲೂ ಸಂಕಟ.

ಕುಮಟೆಯವ, ಈಗ ಟೆಕ್ಸಾಸ್:

ಭಾವ, ಕಾದವರೂ ಇದ್ದಾರೆ. 2008ರ ಅಕ್ಟೋಬರ್‌ನಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ಅದೂ ಕಷ್ಟದಲ್ಲಿತ್ತು. ಎತ್ತಿದ್ದು ವೆರೈಜನ್ ಅನ್ನುವ ಆಪರೇಟರ್. 2009ರ ಕೊನೆಯಲ್ಲಿ ಡ್ರಾಯ್ಡ್ ಅಂತ ಮೊಟೊರೊಲಾ ಫೋನಿಗೆ ಕೋಟಿಗಟ್ಟಲೆ ಜಾಹೀರಾತು ಸುರಿಯಿತು. ಐಫೋನ್ ಆಗ ಎಟಿ ಅಂಡ್ ಟಿ ಬಳಿ ಮಾತ್ರ. ವೆರೈಜನ್ ಗಿರಾಕಿಗಳು ಬಿಟ್ಟುಹೋಗುವ ಭಯ. ಆ ಭಯವೇ ಅದರ ಬೆಂಬಲ.

ಅದೇ ವೆರೈಜನ್ 2010ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟಿನ ಕಿನ್ ಅನ್ನುವ ಫೋನನ್ನೂ ತಂದಿತು. ಶಾಲೆ-ಕಾಲೇಜು ಮಕ್ಕಳಿಗೆ ಅಂತ ಮಾಡಿದ್ದು. ಆದರೆ ಡೇಟಾ ಪ್ಲಾನ್ ಸ್ಮಾರ್ಟ್‌ಫೋನಿನದೇ, ತಿಂಗಳಿಗೆ 30 ಡಾಲರ್. ಮಕ್ಕಳ ಫೋನಿಗೆ ಅಷ್ಟು ಯಾರು ಕಟ್ಟುತ್ತಾರೆ? ಜೂನ್ 30ಕ್ಕೆ ಕಥೆ ಮುಗಿಯಿತು. ಆಪರೇಟರ್ ಒಂದೇ, ಆರು-ಏಳು ತಿಂಗಳ ಅಂತರ. ಡ್ರಾಯ್ಡ್ ಅದಕ್ಕೆ ಬೇಕಿತ್ತು, ಕಿನ್ ಬೇಕಿರಲಿಲ್ಲ.

ಕೋಡಿಬಾಗದ ಅಂಗಡಿ:

ಎಲ್ಲರದ್ದೂ ಓದಿದೆ. ನಿಮ್ಮ ಮಾತು ಕೇಳಿದ ಮೇಲೆ ಒಂದು ವ್ಯತ್ಯಾಸ ಸರಿಯಾಗಿ ಕಂಡಿತು.

ಅಮೆರಿಕದಲ್ಲಿ ನಷ್ಟ ಹೊತ್ತದ್ದು ದೊಡ್ಡ ಕಂಪನಿಗಳು. ನಮ್ಮಲ್ಲಿ ಆಪರೇಟರ್ ಫೋನಿನ ಬೆಲೆ ಹೊರುವ ಪದ್ಧತಿ ಬೇರೂರಲೇ ಇಲ್ಲ. 2003ರ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿ ಕಟ್ಟಿದರೆ ಫೋನ್ ಅಂತ ಕೊಟ್ಟಿತ್ತು, ಹಿರಿಯರಿಗೆ ನೆನಪಿರಬಹುದು. 2008ರ ಆಗಸ್ಟ್‌ನಲ್ಲಿ ಐಫೋನ್ 3ಜಿ ಏರ್‌ಟೆಲ್, ವೊಡಾಫೋನ್ ಮೂಲಕ ಬಂದಾಗ ಅಮೆರಿಕದಲ್ಲಿ ಕರಾರಿನ ಮೇಲೆ 199 ಡಾಲರ್, ಇಲ್ಲಿ 31,000 ರೂಪಾಯಿ. ಪೂರ್ತಿ ಗಿರಾಕಿಯದ್ದೇ. ಪ್ರೀಪೇಡ್ ಸಿಮ್ ಹಾಕುವ ಊರಿನಲ್ಲಿ ಎರಡು ವರ್ಷದ ಕರಾರು ಯಾರ ಹತ್ತಿರ ಮಾಡಿಸುತ್ತೀರಿ? ಹಾಗಾಗಿ ಇಲ್ಲಿ ಫೋನ್ ತಳ್ಳುವ ಕೆಲಸ ಆಪರೇಟರಿನದ್ದಲ್ಲ, ನನ್ನಂಥ ಅಂಗಡಿಯದ್ದು. ಬೆಲೆ ಇಳಿದರೆ ಮೊದಲ ಪೆಟ್ಟೂ ನನಗೇ. ಒಮ್ಮೆ ಶುಕ್ರವಾರ ಮಾಲು ಇಳಿಸಿ ಸೋಮವಾರ ಪ್ರೈಸ್ ಡ್ರಾಪ್ ಮಾಡಿದ್ದರು. ವ್ಯತ್ಯಾಸದ ದುಡ್ಡಿಗೆ ನಾಲ್ಕು ತಿಂಗಳು ಅಲೆದೆ. ಸ್ಕೀಮಿನಲ್ಲಿ ಗಳಿಸಿದ್ದು ಹಾಗೇ ಹೋಯಿತು.

ಹಾಗಂತ ನಾನು ಮಾಡಿದ್ದು ಸರಿ ಅಂತಲ್ಲ. ಭಾವನವರು 520 ಮಾರಿದ್ದಕ್ಕೂ ನಾನು ಆ ಹನ್ನೆರಡು ಮಾರಿದ್ದಕ್ಕೂ ಒಂದೇ ವ್ಯತ್ಯಾಸ. ಅವರು ಆ ಫೋನನ್ನು ತಾವೇ ಬಳಸುತ್ತಿದ್ದರು. ನಾನು ಆ ಫೋನನ್ನು ಒಂದು ದಿನವೂ ಬಳಸಿ ನೋಡಿರಲಿಲ್ಲ. ಸ್ಕೀಮ್ ಕಾಗದ ಮಾತ್ರ ಓದಿದ್ದೆ.

ಬೈತಖೋಲ ಹುಡುಗ:

ಅಣ್ಣಾ, ನಾನು ಚಿಕ್ಕವನು, ಈ ಫೋನುಗಳನ್ನೆಲ್ಲ ನೋಡಿಲ್ಲ. ವಾಟ್ಸಾಪ್ ವಿಂಡೋಸ್ ಫೋನಿನಲ್ಲಿ ನಿಂತದ್ದು 2019ರ ಕೊನೆಗೆ ಅಂತ ಓದಿದ್ದೇನೆ, ಅಷ್ಟೇ ಗೊತ್ತು.

ನನ್ನದು ಈಗಿನ ಪ್ರಶ್ನೆ. ಅಪ್ಪನಿಗೆ ಫೋನ್ ಬೇಕು, ಬೋಟ್ ಕಡಲಿಗೆ ಇಳಿಯುವ ಮೊದಲು. ಹನ್ನೆರಡು ಸಾವಿರದ ಒಳಗೆ. ಒಂದು ಅಂಗಡಿಯಲ್ಲಿ ಒಂದೇ ಬ್ರಾಂಡನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ. ಈಗ ಎಲ್ಲವೂ ಆಂಡ್ರಾಯ್ಡ್ ಅಲ್ವಾ, ಯಾವುದು ಕೊಂಡರೂ ಆಗುತ್ತದಾ?

ಅಂಕೋಲೆಯ ಟೀಚರ್:

ತಮ್ಮಾ, ಮೊದಲು ಅವರನ್ನೇ ಕೇಳು, ಈ ಫೋನಿಗೆ ಸ್ಕೀಮ್ ಇದೆಯಾ ಅಂತ. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರ ಕೊಡುವಾಗ ಅವರ ಮುಖ ನೋಡು.

ಕೋಡಿಬಾಗದ ಅಂಗಡಿ:

ಎಲ್ಲವೂ ಆಂಡ್ರಾಯ್ಡ್ ಆದರೂ ಎಲ್ಲವೂ ಒಂದೇ ಅಲ್ಲ ತಮ್ಮಾ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಅಂತ ನೋಡು. ಸರ್ವಿಸ್ ಸೆಂಟರ್ ಕಾರವಾರದಲ್ಲೇ ಇದೆಯಾ, ಹುಬ್ಬಳ್ಳಿಗೆ ಓಡಬೇಕಾ ಅಂತ ಕೇಳು. ಅಪ್ಪ ಒದ್ದೆ ಕೈಯಲ್ಲಿ ಹಿಡಿಯುವ ಫೋನು, ಬಿಸಿಲಿನಲ್ಲಿ ಸ್ಕ್ರೀನ್ ಕಾಣಬೇಕು. ಡಬ್ಬಿಯ ಮೇಲೆ ತಯಾರಾದ ತಿಂಗಳು ಇರುತ್ತದೆ. ವರ್ಷದ ಹಿಂದಿನದಾದರೆ ಬೇಡ.

ಅಪ್ಪನನ್ನೂ ಕರೆದುಕೊಂಡು ಬಾ. ಹೊಸ ಅಂಗಡಿ ಸೋಮವಾರ ತೆರೆಯುತ್ತದೆ. ನನ್ನ ಹತ್ತಿರವೇ ಕೊಳ್ಳಬೇಕು ಅಂತಿಲ್ಲ. ಟೀಚರ್ ಕೇಳಿದ ಮೇಲೆ ಒಂದು ಬಿಳಿ ಬೋರ್ಡ್ ತಂದಿದ್ದೇನೆ. ಈ ತಿಂಗಳು ಯಾವ ಫೋನಿಗೆ ನನಗೆ ಸ್ಕೀಮ್ ಇದೆ, ಪೀಸಿಗೆ ಎಷ್ಟು ಅಂತ ಅದರ ಮೇಲೆ ಬರೆದು ಬಾಗಿಲ ಪಕ್ಕ ನೇತುಹಾಕುತ್ತೇನೆ. ಈಗ ಮೂರು ಮಾಡೆಲಿಗೆ ಇದೆ. ಬರೆದಾಗಿದೆ, ಮೊಳೆ ಹೊಡೆಯುವುದು ಬಾಕಿ.